ಕಡಲು ಸೇರುವ ನೀರು ವ್ಯರ್ಥವೇ?
ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಉಳಿವಿನ ಕುರಿತು ನೀಡಿದ ಉಪನ್ಯಾಸದ ಲಿಖಿತ ರೂಪ



ಅಡಿಕೆ ತೋಟ, ಭತ್ತದ ಗದ್ದೆ, ಸೊಪ್ಪಿನಬೆಟ್ಟಗಳ ನಡುವೆ ಬದುಕುವವರ ಸಭೆಯಲ್ಲಿ ತಿಮಿಂಗಿಲದ ಮಾತೇಕೆ ಎಂಬ ಪ್ರಶ್ನೆ ಸಹಜವಾದುದೇ. ಕೊಳೆರೋಗ, ಎಲೆಚುಕ್ಕಿ ರೋಗ, ಮಂಗನ ಕಾಟ, ಕುಸಿಯುವ ಗುಡ್ಡ, ಬೇಸಿಗೆಯಲ್ಲಿ ಬತ್ತುವ ಬಾವಿ, ಇಷ್ಟರ ಚಿಂತೆಯೇ ಮಲೆನಾಡಿಗೆ ಸಾಕಷ್ಟಿದೆ. ನೂರು ಕಿಲೋಮೀಟರ್ ಆಚೆಯ ಕಡಲಿನ ಪ್ರಾಣಿಯೊಂದರ ಅಳಿವು ಉಳಿವಿನ ವಿಚಾರ ದೂರದ್ದೆಂದು ತೋರುವುದು ಆಶ್ಚರ್ಯವಲ್ಲ.

ಆದರೆ ಈ ಗುಡ್ಡಗಳ ನದಿಗಳ ಕುರಿತು ನಡೆಯುವ ಪ್ರತಿ ಚರ್ಚೆಯಲ್ಲಿಯೂ ಒಂದು ಮಾತು ತಪ್ಪದೇ ಕೇಳಿಬರುತ್ತದೆ: "ನೀರು ಸುಮ್ಮನೆ ಕಡಲು ಸೇರಿ ವ್ಯರ್ಥವಾಗುತ್ತಿದೆ." ಅಣೆಕಟ್ಟು ಕಟ್ಟುವವರು ಈ ಮಾತನ್ನು ಹೇಳಿದರು. ಬೇಡ್ತಿ, ಅಘನಾಶಿನಿಗಳ ನೀರನ್ನು ಪೂರ್ವಕ್ಕೆ ತಿರುಗಿಸುವ ಪ್ರಸ್ತಾವಗಳ ಹಿಂದೆಯೂ ಇದೇ ಮಾತಿದೆ. ಕಡಲಿಗೆ ಹೋದದ್ದೆಲ್ಲ ಕಳೆದುಹೋದದ್ದು ಎಂಬ ಈ ಲೆಕ್ಕಾಚಾರ ಸರಿಯೇ? ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ದೊರೆಯುವುದು ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಜೀವನಕ್ರಮದಲ್ಲಿ. ಆದುದರಿಂದ ಅವುಗಳ ಕತೆ ಮಲೆನಾಡಿನ ಕತೆಯೂ ಹೌದು.

ಫಲವತ್ತತೆ ಕೆಳಕ್ಕೆ ಹರಿಯುತ್ತದೆ

ಇಳಿಜಾರಿನಲ್ಲಿ ಬೇಸಾಯ ಮಾಡುವ ಪ್ರತಿಯೊಬ್ಬ ರೈತನೂ ಬಲ್ಲ ಸತ್ಯವೊಂದಿದೆ. ಮಣ್ಣಿನ ಸಾರ ಸದಾ ಕೆಳಕ್ಕೆ ಹರಿಯುತ್ತದೆ. ಮಳೆಯ ಪ್ರತಿ ಹನಿಯೂ ಒಂದಿಷ್ಟು ಸಾರಜನಕವನ್ನು, ರಂಜಕವನ್ನು, ಪೊಟ್ಯಾಷನ್ನು ಹಳ್ಳಕ್ಕೆ, ಹಳ್ಳ ಹೊಳೆಗೆ, ಹೊಳೆ ಕಡಲಿಗೆ ಸಾಗಿಸುತ್ತದೆ. ಬೆಟ್ಟದಿಂದ ಸೊಪ್ಪು ತಂದು, ಕೊಟ್ಟಿಗೆಗೆ ಹಾಸಿ, ಗೊಬ್ಬರವಾಗಿಸಿ, ಬುಟ್ಟಿಯಲ್ಲಿ ಹೊತ್ತು ತೋಟಕ್ಕೆ ಹಾಕುವ ಕ್ರಮವು ಈ ನಷ್ಟವನ್ನು ತುಂಬಲು ತಲೆಮಾರುಗಳಿಂದ ನಡೆದುಬಂದ ವ್ಯವಸ್ಥೆ. ಹೊರುವವರಿಲ್ಲದಿದ್ದರೆ ತೋಟ ಸೊರಗುತ್ತದೆ.

ಕಡಲಿನಲ್ಲಿಯೂ ಸಮಸ್ಯೆ ಇದೇ ಬಗೆಯದು. ಸಸ್ಯದ ಬೆಳವಣಿಗೆಗೆ ಬೇಕಾದ ಬಿಸಿಲು ನೀರಿನ ಮೇಲಿನ ಪದರಕ್ಕೆ ಮಾತ್ರ ದೊರೆಯುತ್ತದೆ. ಸುಮಾರು 200 ಮೀಟರ್ ಕೆಳಗೆ ದ್ಯುತಿಸಂಶ್ಲೇಷಣೆ ಸಾಧ್ಯವಿಲ್ಲ. ಆದರೆ ಸತ್ತ ಜೀವಿಗಳು, ಅವುಗಳ ಹಿಕ್ಕೆ, ಕೊಳೆತ ಅವಶೇಷಗಳೆಲ್ಲ ಕೆಳಕ್ಕೆ ಇಳಿಯುತ್ತಲೇ ಇರುತ್ತವೆ. ಬೆಳಕು ಮೇಲೆ, ಗೊಬ್ಬರ ಕೆಳಗೆ. ಈ ಗೊಬ್ಬರವನ್ನು ಮತ್ತೆ ಮೇಲಕ್ಕೆ ತರುವ ಕೆಲಸವನ್ನು ಗಾಳಿ ಮತ್ತು ಪ್ರವಾಹಗಳು ಮಾಡುತ್ತವೆ. ಅವುಗಳೊಂದಿಗೆ ಈ ಕೆಲಸದಲ್ಲಿ ಪಾಲುಗೊಳ್ಳುವ ಜೀವಿ ತಿಮಿಂಗಿಲ.

ಸ್ಪರ್ಮ್ ತಿಮಿಂಗಿಲ ಸಾವಿರ ಮೀಟರ್‌ಗೂ ಹೆಚ್ಚು ಆಳಕ್ಕೆ ಮುಳುಗಿ ಸ್ಕ್ವಿಡ್‌ಗಳನ್ನು ತಿನ್ನುತ್ತದೆ. ಆದರೆ ಅದು ಶ್ವಾಸಕೋಶವುಳ್ಳ ಸಸ್ತನಿ. ಉಸಿರಿಗಾಗಿ ಮೇಲೆ ಬರಲೇಬೇಕು. ಮೇಲೆ ಬಂದಾಗಲೇ ಮಲ ವಿಸರ್ಜಿಸುತ್ತದೆ. ಆಳದ ಆಹಾರ ಹೀಗೆ ಮೇಲ್ಮೈಯ ಗೊಬ್ಬರವಾಗುತ್ತದೆ. ಅಮೆರಿಕದ ಪೂರ್ವ ತೀರದ ಮೇನ್ ಕೊಲ್ಲಿಯ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿಯ ತಿಮಿಂಗಿಲ ಮತ್ತು ಸೀಲ್‌ಗಳು ವರ್ಷಕ್ಕೆ ಸುಮಾರು 23,000 ಟನ್ ಸಾರಜನಕವನ್ನು ಮೇಲ್ಪದರಕ್ಕೆ ಒದಗಿಸುತ್ತವೆ. ಆ ಕೊಲ್ಲಿಗೆ ಸೇರುವ ಎಲ್ಲ ನದಿಗಳು ತರುವ ಸಾರಜನಕವನ್ನು ಕೂಡಿಸಿದರೂ ಅದು ಇದಕ್ಕಿಂತ ಕಡಿಮೆ.

ಬೆಳೆಗೆ ಅತ್ಯಂತ ಕೊರತೆಯಿರುವ ಪೋಷಕಾಂಶವೇ ಇಳುವರಿಯನ್ನು ನಿರ್ಧರಿಸುತ್ತದೆ ಎಂಬ ಲೀಬಿಗ್‌ನ ನಿಯಮವನ್ನು ಕೃಷಿಯ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ದಕ್ಷಿಣ ಧ್ರುವದ ಸುತ್ತಲಿನ ಸಾಗರದಲ್ಲಿ ಸಾರಜನಕ, ರಂಜಕಗಳು ಧಾರಾಳ, ಕೊರತೆಯಿರುವುದು ಕಬ್ಬಿಣಕ್ಕೆ. ಅಲ್ಲಿಯ ತಿಮಿಂಗಿಲದ ಮಲದಲ್ಲಿ ಕಬ್ಬಿಣದ ಸಾಂದ್ರತೆ ಸುತ್ತಲಿನ ನೀರಿಗಿಂತ ಸುಮಾರು ಒಂದು ಕೋಟಿ ಪಟ್ಟು ಅಧಿಕವೆಂದು ಕಂಡುಬಂದಿದೆ. ಈ ಗೊಬ್ಬರದಿಂದ ಬೆಳೆಯುವ ಸೂಕ್ಷ್ಮ ಸಸ್ಯಗಳು ಕಡಲಿನ ಎಲ್ಲ ಆಹಾರಕ್ಕೂ ಮೂಲ. ಭೂಮಿಯ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧಭಾಗ ನಡೆಯುವುದು ಕಡಲಿನ ಈ ಸೂಕ್ಷ್ಮ ಸಸ್ಯಗಳಲ್ಲಿ.

ಸತ್ತ ಮೇಲೂ ತಿಮಿಂಗಿಲದ ಕೆಲಸ ಮುಗಿಯುವುದಿಲ್ಲ. ಅದರ ದೇಹ ತಳ ಸೇರಿ, ತನ್ನಲ್ಲಿದ್ದ ಇಂಗಾಲವನ್ನೂ ಆಳಕ್ಕೆ ಒಯ್ಯುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಸಮೀಪದ ಕಡಲತಳದಲ್ಲಿ ತಿಮಿಂಗಿಲದ ಅಸ್ಥಿಪಂಜರವೊಂದರ ಮೇಲೆ ಇಡೀ ಜೀವಿಸಮುದಾಯವೇ ನೆಲೆಸಿರುವುದು ಪತ್ತೆಯಾಯಿತು. ಕಾನಿನಲ್ಲಿ ಬಿದ್ದ ಹೆಮ್ಮರವೊಂದು ಅಣಬೆ, ಗೆದ್ದಲು, ಹುಳುಗಳನ್ನು ವರ್ಷಾನುಗಟ್ಟಲೆ ಸಾಕುವಂತೆ, ಒಂದು ಶವ ದಶಕಗಳ ಕಾಲ ಅನ್ನವಾಗುತ್ತದೆ.

ಒಂದು ಶತಮಾನದ ಸಂಹಾರ

ಇಂತಹ ಪ್ರಾಣಿಯನ್ನು ಮನುಷ್ಯ ನಡೆಸಿಕೊಂಡ ರೀತಿ ನೆನೆಯಲೂ ಕಷ್ಟವಾದುದು. ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಕೈಗಾರಿಕಾ ಬೇಟೆಯಿಂದ ಸುಮಾರು 29 ಲಕ್ಷ ತಿಮಿಂಗಿಲಗಳು ಹತವಾದವು. ಭೂಮಿಯ ಮೇಲೆ ಬದುಕಿದ ಪ್ರಾಣಿಗಳಲ್ಲಿಯೇ ಅತಿ ದೊಡ್ಡದಾದ ನೀಲಿ ತಿಮಿಂಗಿಲವು ದಕ್ಷಿಣ ಸಾಗರದಲ್ಲಿ ಮೂಲ ಸಂಖ್ಯೆಯ ನೂರರಲ್ಲಿ ಒಂದು ಪಾಲಿಗೂ ಕಡಿಮೆಯಾಯಿತು. ಅದರ ಕೊಬ್ಬು ದೀಪದ ಎಣ್ಣೆಯಾಯಿತು, ಸಾಬೂನಾಯಿತು, ಮಾರ್ಗರೀನ್ ಆಯಿತು. ತಿಮಿಂಗಿಲದ ಎಣ್ಣೆಯ ಸಾಬೂನನ್ನು ಹಣ್ಣಿನ ತೋಟಗಳಲ್ಲಿ ಕೀಟನಾಶಕವಾಗಿ ಸಿಂಪಡಿಸುತ್ತಿದ್ದರು. ಮೂಳೆ, ಮಾಂಸಗಳನ್ನು ಒಣಗಿಸಿ ಪುಡಿಮಾಡಿ ಹೊಲಕ್ಕೆ ಗೊಬ್ಬರವಾಗಿ ಹಾಕಿದ್ದೂ ಉಂಟು. ಜೀವಂತವಾಗಿದ್ದರೆ ಹತ್ತಾರು ವರ್ಷ ಕಡಲಿಗೆ ಗೊಬ್ಬರ ಹಾಕುತ್ತಿದ್ದ ಪ್ರಾಣಿಯನ್ನು ಕೊಂದು ಒಂದು ಬೆಳೆಯ ಗೊಬ್ಬರವಾಗಿಸಿದ ಲೆಕ್ಕಾಚಾರಕ್ಕೆ ಏನೆನ್ನಬೇಕು?

ನಷ್ಟದ ಅಳತೆಯೂ ಈಗ ದೊರೆತಿದೆ. ಬೇಟೆಗೆ ಮುಂಚಿನ ಕಾಲದಲ್ಲಿ ಕಡಲಿನ ಸಸ್ತನಿಗಳು ವರ್ಷಕ್ಕೆ ಸುಮಾರು 34 ಕೋಟಿ ಕಿಲೋಗ್ರಾಂ ರಂಜಕವನ್ನು ಆಳದಿಂದ ಮೇಲಕ್ಕೆ ತರುತ್ತಿದ್ದವೆಂದೂ, ಅದೀಗ ಸುಮಾರು 7.5 ಕೋಟಿ ಕಿಲೋಗ್ರಾಂಗೆ ಇಳಿದಿದೆಯೆಂದೂ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ರಂಜಕದ ಗೊಬ್ಬರಕ್ಕಾಗಿ ಹೊರದೇಶಗಳ ಶಿಲಾರಂಜಕವನ್ನು ನೆಚ್ಚಿಕೊಂಡಿರುವ ದೇಶದ ರೈತನಿಗೆ ಈ ಅಂಕಿಯ ತೂಕ ಬೇಗ ಅರ್ಥವಾಗಬೇಕು.

"ತಿಮಿಂಗಿಲಗಳು ಮನುಷ್ಯನ ಪಾಲಿನ ಮೀನನ್ನು ತಿಂದು ಮುಗಿಸುತ್ತವೆ" ಎಂಬ ವಾದವೊಂದಿದೆ. ಅದು ನಿಜವಾಗಿದ್ದರೆ, ದಕ್ಷಿಣ ಸಾಗರದ ತಿಮಿಂಗಿಲಗಳು ಅಳಿದ ಮೇಲೆ ಅವುಗಳ ಆಹಾರವಾದ ಕ್ರಿಲ್ ಎಂಬ ಸಿಗಡಿಜಾತಿಯ ಜೀವಿ ಅಪಾರವಾಗಿ ಹೆಚ್ಚಬೇಕಿತ್ತು. ಆದರೆ ಅದು ಹೆಚ್ಚಲಿಲ್ಲ, ಕಡಿಮೆಯಾಯಿತು. ಗೊಬ್ಬರ ಹಾಕುವವನು ಹೋದ ಮೇಲೆ ತೋಟದ ಫಸಲು ಹೆಚ್ಚುವುದುಂಟೇ?

ಈ ಸಂಹಾರಕ್ಕೆ ತಡೆ ಬಿದ್ದದ್ದು ತಡವಾಗಿ. 1946ರ ಒಪ್ಪಂದದಿಂದ ಹುಟ್ಟಿದ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗವು 1979ರಲ್ಲಿ ಹಿಂದೂ ಮಹಾಸಾಗರವನ್ನು ಅಭಯಧಾಮವೆಂದು ಘೋಷಿಸಿತು. ಪುಟ್ಟ ದ್ವೀಪರಾಷ್ಟ್ರವಾದ ಸೆಷೆಲ್ಸ್ ಮಂಡಿಸಿದ ಪ್ರಸ್ತಾವವದು. 1982ರಲ್ಲಿ ವಾಣಿಜ್ಯ ಬೇಟೆಗೆ ತಡೆ ಹಾಕುವ ನಿರ್ಣಯವಾಗಿ 1986ರಿಂದ ಜಾರಿಗೆ ಬಂದಿತು. ನಾರ್ವೆ, ಐಸ್‌ಲ್ಯಾಂಡ್‌ಗಳು ಅದನ್ನು ಪೂರ್ಣವಾಗಿ ಒಪ್ಪಲಿಲ್ಲ. ಜಪಾನ್ 2019ರಲ್ಲಿ ಆಯೋಗವನ್ನೇ ತೊರೆದು ಬೇಟೆಯನ್ನು ಪುನಃ ಆರಂಭಿಸಿತು. ಆದರೂ ತಡೆಯಿಂದ ಹಲವು ಕಡಲುಗಳ ಗೂನುಬೆನ್ನಿನ ತಿಮಿಂಗಿಲಗಳು ಚೇತರಿಸಿಕೊಂಡಿವೆ. ರಕ್ಷಣೆ ಫಲ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಒಂದೇ ಮುಂಗಾರು

ಅರಬ್ಬಿ ಸಮುದ್ರದಲ್ಲಿ ಮಾತ್ರ ಆ ಚೇತರಿಕೆ ಕಾಣಲಿಲ್ಲ. ಬೇರೆಡೆಯ ಗೂನುಬೆನ್ನಿನ ತಿಮಿಂಗಿಲಗಳು ಧ್ರುವದ ಶೀತಲ ನೀರಿಗೂ ಉಷ್ಣವಲಯಕ್ಕೂ ನಡುವೆ ಸಾವಿರಾರು ಕಿಲೋಮೀಟರ್ ವಲಸೆ ಹೋಗುತ್ತವೆ. ಅರಬ್ಬಿ ಸಮುದ್ರದವು ಹಾಗೆ ಹೋಗುವುದಿಲ್ಲ. ಸುಮಾರು 70,000 ವರ್ಷಗಳಿಂದ ಉಳಿದ ಕುಲದಿಂದ ಬೇರ್ಪಟ್ಟು ಇಲ್ಲಿಯೇ ಉಳಿದಿವೆಯೆಂದು ತಳಿವಿಜ್ಞಾನ ಹೇಳುತ್ತದೆ. ಅವು ಇಲ್ಲಿ ಉಳಿಯಲು ಸಾಧ್ಯವಾದದ್ದು ಮುಂಗಾರಿನಿಂದ. ನೈಋತ್ಯ ಮಾರುತ ಒಮಾನಿನ ತೀರದುದ್ದಕ್ಕೂ ಬೀಸುವಾಗ ಮೇಲಿನ ನೀರನ್ನು ದೂರ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಏರಿಬರುತ್ತದೆ. ಅದರಿಂದ ಮೀನು, ಮೀನಿನಿಂದ ತಿಮಿಂಗಿಲ. ಅದೇ ಮಾರುತ ಮುಂದೆ ಸಾಗಿ ಸಹ್ಯಾದ್ರಿಗೆ ತಾಗಿ ಆಗುಂಬೆ, ಶೃಂಗೇರಿ, ಸಿದ್ದಾಪುರಗಳಲ್ಲಿ ಮಳೆಯಾಗುತ್ತದೆ. ಮಲೆನಾಡಿನ ಭತ್ತವೂ ಅರಬ್ಬಿ ಸಮುದ್ರದ ತಿಮಿಂಗಿಲವೂ ಉಣ್ಣುವುದು ಒಂದೇ ಮುಂಗಾರಿನ ಅನ್ನವನ್ನು.

ಈ ತಿಮಿಂಗಿಲಗಳ ಮೇಲೆ ಸೋವಿಯತ್ ತಿಮಿಂಗಿಲಬೇಟೆಯ ಹಡಗುಗಳು 1960ರ ದಶಕದ ನಡುಭಾಗದಲ್ಲಿ ಎರಗಿದವು. ಒಮಾನ್, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ತೀರಗಳಾಚೆ 242 ಗೂನುಬೆನ್ನಿನ ತಿಮಿಂಗಿಲಗಳನ್ನು ಅವು ಕೊಂದವು. ಹೆಚ್ಚಿನವು ಸತ್ತದ್ದು 1966ರ ಒಂದೇ ಋತುವಿನಲ್ಲಿ. ಈ ಅಕ್ರಮ ಬೇಟೆ ಜಗತ್ತಿಗೆ ತಿಳಿದದ್ದು ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1990ರ ದಶಕದಲ್ಲಿ. ಅನಂತರ ಒಮಾನಿನ ತೀರದಲ್ಲಿ ಛಾಯಾಚಿತ್ರಗಳ ನೆರವಿನಿಂದ ನಡೆದ ಗಣತಿಯ ಅಂದಾಜು ಕೇವಲ 82.

ಆ ಕೆಲವೇ ಜೀವಗಳಲ್ಲಿ ಒಂದು ಹೆಣ್ಣಿಗೆ ಸಂಶೋಧಕರು 2017ರ ಕೊನೆಯಲ್ಲಿ ಉಪಗ್ರಹ ಸಂಕೇತದ ಸಾಧನ ಅಳವಡಿಸಿದರು. ಅದರ ಹೆಸರು ಲುಬಾನ್. ಅರಬ್ಬಿಯಲ್ಲಿ ಧೂಪ ಎಂದರ್ಥ. ಅದು ಒಮಾನಿನಿಂದ ಅರಬ್ಬಿ ಸಮುದ್ರವನ್ನು ಅಡ್ಡ ದಾಟಿ ಗೋವಾದ ಕಡೆ ಬಂದು, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಕೇರಳ ಕಳೆದು ಭಾರತದ ತುದಿಯವರೆಗೆ ಸಾಗಿತು. ಗೋವಾದಿಂದ ಕೇರಳಕ್ಕೆ ಸಾಗುವ ಹಾದಿ ಕಾರವಾರ, ಹೊನ್ನಾವರ, ಮಂಗಳೂರುಗಳಾಚೆಯ ಕಡಲೇ. ಆ ವರ್ಷದ ಚಳಿಗಾಲದಲ್ಲಿ ಮಲೆನಾಡಿನಲ್ಲಿ ಅಡಿಕೆ ಕೊಯ್ಲು ನಡೆಯುತ್ತಿದ್ದಾಗ ಘಟ್ಟದ ಕೆಳಗಿನ ಕಡಲಿನಲ್ಲಿ ಒಂದು ಜೀವ ತನ್ನ ಹಳೆಯ ಹಾದಿ ಹಿಡಿದಿತ್ತು.

ಅಳಿವೆಯ ಡಾಲ್ಫಿನ್

ತಿಮಿಂಗಿಲಕ್ಕಿಂತ ಹತ್ತಿರದ ನಂಟು ಡಾಲ್ಫಿನ್‌ನದು. ಕಾಳಿ ನದಿ ಕಡಲು ಸೇರುವ ಕಾರವಾರದ ದೇವಬಾಗ, ಕೂರ್ಮಗಡಗಳ ಸುತ್ತ ಕಾಣುವ ಗೂನುಬೆನ್ನಿನ ಡಾಲ್ಫಿನ್ ಆಳ ಸಮುದ್ರದ್ದಲ್ಲ. ತೀರಕ್ಕೆ ಅಂಟಿದ, ಸುಮಾರು ಇಪ್ಪತ್ತೈದು ಮೀಟರ್‌ಗಿಂತ ಕಡಿಮೆ ಆಳದ ನೀರೇ ಅದರ ಮನೆ. ಅಳಿವೆಗಳ ಸಮೀಪವೇ ಅದರ ಬೇಟೆ. ಅಳಿವೆಯಲ್ಲಿ ಮೀನು ತುಂಬಲು ನದಿ ಹೊತ್ತು ತರುವ ಮೆಕ್ಕಲು ಮತ್ತು ಸಿಹಿನೀರು ಬೇಕು. ಇಲ್ಲಿಯೇ "ವ್ಯರ್ಥವಾಗುವ ನೀರು" ಎಂಬ ಮಾತು ಸುಳ್ಳಾಗುವುದು. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯನ್ನು ನೋಡಬೇಕು. ಚಿಪ್ಪುಮೀನು, ಏಡಿ, ಸಿಗಡಿ, ಕಾಂಡ್ಲಾಕಾಡು, ಗಜನಿಯಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತ, ಇವೆಲ್ಲ ಸಿಹಿನೀರು ಉಪ್ಪುನೀರುಗಳ ಆ ಸಮತೋಲನದ ಫಲ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಸಾವಿರಾರು ಕುಟುಂಬಗಳು ಉಣ್ಣುವ ಈ ಬಟ್ಟಲನ್ನು ತುಂಬಿಸುವುದು ಸಿರಸಿ, ಸಿದ್ದಾಪುರಗಳ ಗುಡ್ಡದ ನೀರು.

ಗುಡ್ಡದಿಂದ ಇಳಿಯುವುದು ಅನ್ನವೊಂದೇ ಅಲ್ಲ, ವಿಷವೂ ಇಳಿಯುತ್ತದೆ. ಡಿ.ಡಿ.ಟಿ., ಬಿ.ಎಚ್.ಸಿ.ಗಳಂತಹ ವಿಷಗಳು ನೀರಿನಲ್ಲಿ ಅತ್ಯಲ್ಪವಾಗಿದ್ದರೂ ಸೂಕ್ಷ್ಮ ಜೀವಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತ ಸಾಂದ್ರವಾಗುತ್ತವೆ. ಸರಪಳಿಯ ತುದಿಯಲ್ಲಿರುವ ಡಾಲ್ಫಿನ್ ಅವನ್ನು ಕೊಬ್ಬಿನಲ್ಲಿ ಸಂಗ್ರಹಿಸಿಕೊಳ್ಳುತ್ತದೆ. ತಾಯಿ ಮರಿಗೆ ಹಾಲೂಡಿಸಿದಾಗ ಹಾಲಿನೊಂದಿಗೆ ವಿಷವೂ ಇಳಿಯುತ್ತದೆ. ಚೊಚ್ಚಲ ಮರಿಗೆ ಅತಿ ಹೆಚ್ಚಿನ ಪಾಲು. ಗಂಗೆಯ ಡಾಲ್ಫಿನ್‌ಗಳ ದೇಹದಲ್ಲಿ ಈ ವಿಷಗಳು ಪತ್ತೆಯಾಗಿವೆ. ಬಿ.ಎಚ್.ಸಿ. 1997ರಲ್ಲಿ, ಎಂಡೋಸಲ್ಫಾನ್ 2011ರಲ್ಲಿ ನಿಷೇಧವಾದವು. ಎಂಡೋಸಲ್ಫಾನ್ ಕರಾವಳಿಯ ಗೇರುತೋಟಗಳ ಸುತ್ತಲಿನ ಮಕ್ಕಳ ಬಾಳನ್ನು ಏನು ಮಾಡಿತೆಂಬುದನ್ನು ಈ ಸೀಮೆಗೆ ಹೊಸದಾಗಿ ಹೇಳಬೇಕಿಲ್ಲ. ಡಾಲ್ಫಿನ್‌ನ ಹಾಲಿಗೆ ಸೇರುವ ವಿಷ ಮೀನು ತಿನ್ನುವ ಮನುಷ್ಯನ ತಟ್ಟೆಗೂ ಸೇರಬಲ್ಲದು.

ಇತರ ಅಪಾಯಗಳಲ್ಲಿ ದೊಡ್ಡದು ಬಲೆ. ಹಿಂದೂ ಮಹಾಸಾಗರದಲ್ಲಿ ಟ್ಯೂನಾ ಹಿಡಿಯುವ ಕಂತುಬಲೆಗಳಿಗೆ 1950ರಿಂದ 2018ರವರೆಗೆ ಸುಮಾರು 41 ಲಕ್ಷ ಡಾಲ್ಫಿನ್ ಮತ್ತಿತರ ಸಣ್ಣ ತಿಮಿಂಗಿಲ ಜಾತಿಯ ಪ್ರಾಣಿಗಳು ಸಿಕ್ಕಿರಬೇಕೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು. ಯಾರೂ ಬೇಕೆಂದು ಹಿಡಿದವಲ್ಲ. ಬಲೆಗೆ ಸಿಕ್ಕ ಪ್ರಾಣಿ ಮೇಲೆ ಬಂದು ಉಸಿರಾಡಲಾರದೆ ಸಾಯುತ್ತದೆ. ಇನ್ನೊಂದು ಅಪಾಯ ಸದ್ದು. ಶಬ್ದ ನೀರಿನಲ್ಲಿ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ. ಕಿವಿಯಿಂದಲೇ ದಾರಿ ಕಾಣುವ ಈ ಪ್ರಾಣಿಗಳಿಗೆ ಹಡಗಿನ ಯಂತ್ರದ ಗದ್ದಲ ಕಣ್ಣಿಗೆ ಕಟ್ಟಿದ ಬಟ್ಟೆಯಂತೆ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ತಗ್ಗಿದಾಗ, ಅಲ್ಲಿಯ ತಿಮಿಂಗಿಲಗಳ ದೇಹದಲ್ಲಿ ಒತ್ತಡದ ಹಾರ್ಮೋನೂ ಇಳಿದದ್ದು ದಾಖಲಾಗಿದೆ.

ಎರಡು ನದಿಗಳ ಪಾಠ

ಚೀನಾದ ಯಾಂಗ್ತ್ಸೆ ನದಿಯ ಬೈಜಿ ಡಾಲ್ಫಿನ್‌ಗಾಗಿ 2006ರಲ್ಲಿ ವಾರಗಟ್ಟಲೆ ಹುಡುಕಾಟ ನಡೆಯಿತು. ಒಂದೂ ಕಾಣಲಿಲ್ಲ. ಅಣೆಕಟ್ಟು, ಹಡಗು, ಬಲೆ, ಮಾಲಿನ್ಯಗಳು ಒಟ್ಟಾಗಿ ಅದನ್ನು ಮುಗಿಸಿದ್ದವು. ಗಂಗೆಯಲ್ಲಿಯೂ 1975ರಲ್ಲಿ ಕಾರ್ಯಾರಂಭ ಮಾಡಿದ ಫರಕ್ಕಾ ಬ್ಯಾರೇಜು ಡಾಲ್ಫಿನ್‌ಗಳ ಬಳಗವನ್ನು ಇಬ್ಭಾಗ ಮಾಡಿತು. ಆದರೆ ಅಲ್ಲಿ ಎಚ್ಚರ ಸಂಪೂರ್ಣ ತಡವಾಗಲಿಲ್ಲ. 1991ರಲ್ಲಿ ಬಿಹಾರದಲ್ಲಿ ವಿಕ್ರಮಶಿಲಾ ಡಾಲ್ಫಿನ್ ಅಭಯಧಾಮವಾಯಿತು. 2009ರಲ್ಲಿ ಗಂಗಾ ಡಾಲ್ಫಿನ್ ರಾಷ್ಟ್ರೀಯ ಜಲಚರವೆಂದು ಘೋಷಿತವಾಯಿತು. 2021ರಿಂದ 2023ರವರೆಗಿನ ಗಣತಿಯ ವರದಿ 2025ರಲ್ಲಿ ಹೊರಬಂದಾಗ ದೇಶದ ನದಿ ಡಾಲ್ಫಿನ್‌ಗಳ ಸಂಖ್ಯೆ 6,327 ಎಂದು ತಿಳಿಯಿತು. ಅದರಲ್ಲಿ ಬಿಯಾಸ್ ನದಿಯ ಸಿಂಧೂ ಡಾಲ್ಫಿನ್‌ಗಳು ಮೂರೇ ಮೂರು.

ಇವು ವರ್ಷಕ್ಕೊಮ್ಮೆ ಕೊಯ್ದು ಮತ್ತೆ ಬಿತ್ತುವ ಬೆಳೆಯಲ್ಲ. ಒಂದು ಹೆರಿಗೆಗೆ ಒಂದೇ ಮರಿ, ಮರಿಯಿಂದ ಮರಿಗೆ ವರ್ಷಗಳ ಅಂತರ. ದೇವರಕಾಡಿನ ಹೆಮ್ಮರದಂತೆ ಕಡಿಯಲು ಗಳಿಗೆ ಸಾಕು, ಬೆಳೆಯಲು ತಲೆಮಾರು ಬೇಕು.

ಮೀನುಗಾರರನ್ನು ಬಿಟ್ಟು ರಕ್ಷಣೆಯಿಲ್ಲ

ತಿಮಿಂಗಿಲ, ಡಾಲ್ಫಿನ್‌ಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ. ಕಾಯಿದೆ ಬೇಕು, ಆದರೆ ಅದೊಂದರಿಂದಲೇ ಬಲೆ ಸಡಿಲವಾಗುವುದಿಲ್ಲ. ಸಾಲ ಮಾಡಿ ಕೊಂಡ ಬಲೆಯನ್ನು ಕತ್ತರಿಸಿ ಪ್ರಾಣಿಯನ್ನು ಬಿಡಬೇಕಾದವನು ಮೀನುಗಾರ. ಆ ನಷ್ಟವನ್ನು ಅವನೊಬ್ಬನೇ ಹೊರಬೇಕೆನ್ನುವುದು ನ್ಯಾಯವಲ್ಲ. ಕಾಡುಹಂದಿ ಗದ್ದೆ ಹಾಳುಮಾಡಿದಾಗ ಪರಿಹಾರಕ್ಕಾಗಿ ಅಲೆದ ಮಲೆನಾಡಿನ ರೈತನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ಎಂಬ ದೊಡ್ಡ ಮೀನನ್ನು ಎಣ್ಣೆಗಾಗಿ ಕೊಲ್ಲುತ್ತಿದ್ದ ಕಾಲವಿತ್ತು. 2004ರಲ್ಲಿ ಆರಂಭವಾದ ಆಂದೋಲನದಲ್ಲಿ ಪ್ರವಚನಕಾರ ಮೊರಾರಿ ಬಾಪು, ಆ ಮೀನು ಹೆರಿಗೆಗೆ ತವರಿಗೆ ಬರುವ ಮಗಳು ಎಂದು ಜನರಿಗೆ ತಿಳಿಹೇಳಿದರು. ಕತ್ತರಿಸಿದ ಬಲೆಗೆ ಸರ್ಕಾರ ಪರಿಹಾರ ಕೊಟ್ಟಿತು. ಕೊಲ್ಲುತ್ತಿದ್ದ ಕೈಗಳೇ ನೂರಾರು ಮೀನುಗಳನ್ನು ಬಿಡಿಸಿ ಕಳಿಸಿದವು. ಮಹಾರಾಷ್ಟ್ರವೂ 2018ರಲ್ಲಿ, ಸಂರಕ್ಷಿತ ಕಡಲಜೀವಿಗಳನ್ನು ಬಿಡಿಸಲು ಬಲೆ ಕತ್ತರಿಸಿದವರಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡುವ ಯೋಜನೆ ತಂದಿತು. ಒಡಿಶಾದ ಚಿಲಿಕಾ ಸರೋವರದಲ್ಲಿ ಹೂಳಿನಿಂದ ಕಡಲಿನ ಬಾಯಿ ಕಟ್ಟಿದ್ದಾಗ, 2000ದಲ್ಲಿ ಹೊಸ ಬಾಯಿ ತೆರೆದು ನೀರಿನ ಹರಿವನ್ನು ಮರಳಿಸಲಾಯಿತು. ಮೀನಿನ ಇಳುವರಿ ಏರಿತು. ಐರಾವಡಿ ಡಾಲ್ಫಿನ್‌ಗಳೂ ಉಳಿದವು. ಮೀನುಗಾರನ ಹೊಟ್ಟೆಗೂ ಡಾಲ್ಫಿನ್‌ನ ಹೊಟ್ಟೆಗೂ ವಿರೋಧವಿಲ್ಲವೆಂದು ಅದು ತೋರಿಸಿಕೊಟ್ಟಿತು. ಇಬ್ಬರಿಗೂ ಬೇಕಾದದ್ದು ಹರಿಯುವ ನೀರು.

ಗುಡ್ಡದ ಮೇಲಿನ ಕರ್ತವ್ಯ

ಹಾಗಾದರೆ ಗುಡ್ಡದ ಮೇಲಿರುವವರು ಮಾಡಬಹುದಾದದ್ದು ಏನು? ಮೊದಲನೆಯದು, ನದಿಗಳನ್ನು ಕಡಲಿನವರೆಗೆ ಹರಿಯಲು ಬಿಡಬೇಕೆಂಬ ಒತ್ತಾಯ. ನೀರು ತಿರುಗಿಸುವ ಯಾವುದೇ ಯೋಜನೆಯ ಲಾಭನಷ್ಟದ ಲೆಕ್ಕದಲ್ಲಿ ಅಳಿವೆಯ ಮೀನು, ಗಜನಿಯ ಭತ್ತ, ಡಾಲ್ಫಿನ್‌ಗಳ ಕಲಮು ಇರಲೇಬೇಕು. ಎರಡನೆಯದು, ಹಳ್ಳಕ್ಕೆ ವಿಷ ಇಳಿಯದಂತೆ ನೋಡಿಕೊಳ್ಳುವುದು. ಸಿಂಪಡಣೆಯ ಡಬ್ಬಿಯನ್ನು ಹರಿಯುವ ನೀರಿನಲ್ಲಿ ತೊಳೆಯದಿರುವುದು, ಅಗತ್ಯವಿಲ್ಲದ ಸಿಂಪಡಣೆಯನ್ನು ಕೈಬಿಡುವುದು, ಹಳ್ಳದ ದಂಡೆಯಲ್ಲಿ ಮರಗಿಡಗಳ ಪಟ್ಟಿಯನ್ನು ಉಳಿಸುವುದು ಯಾವ ರೈತನಿಗೂ ಅಸಾಧ್ಯವಲ್ಲ. ಅದರಿಂದ ಉಳಿಯುವುದು ಮೊದಲು ಅವನದೇ ಮಣ್ಣು. ಮೂರನೆಯದು, ಕರಾವಳಿಯ ಮೀನುಗಾರರ ಬೇಡಿಕೆಗಳಿಗೆ ದನಿಗೂಡಿಸುವುದು. ಬಲೆಗೆ ಪರಿಹಾರ ಕೊಡುವ ಯೋಜನೆ ಕರ್ನಾಟಕದ ಕರಾವಳಿಗೂ ಸಲ್ಲಬೇಕು. ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ ಬೆಳಕು ಮೀನುಗಾರಿಕೆ ಮತ್ತು ಬುಲ್ ಟ್ರಾಲಿಂಗ್ ನಿಜವಾಗಿ ನಿಲ್ಲಬೇಕು. ಘಟ್ಟದ ಮೇಲಿನ ಚಳವಳಿಯೂ ಘಟ್ಟದ ಕೆಳಗಿನ ಚಳವಳಿಯೂ ಒಂದೇ ನದಿಯ ಎರಡು ತುದಿಗಳು.

ಕಡಲಿಗೆ ಹೋದದ್ದು ಕಳೆದುಹೋಗುವುದಿಲ್ಲ. ಅದು ಮೀನಾಗುತ್ತದೆ, ಡಾಲ್ಫಿನ್ ಆಗುತ್ತದೆ, ತಿಮಿಂಗಿಲವಾಗುತ್ತದೆ. ಕಡಲಿನಿಂದ ಎದ್ದ ಆವಿ ಜೂನ್ ತಿಂಗಳಲ್ಲಿ ಮೋಡವಾಗಿ ಇದೇ ಗುಡ್ಡಗಳಿಗೆ ಮರಳುತ್ತದೆ. ಕೊಡುವುದನ್ನು ನಿಲ್ಲಿಸಿ ಪಡೆಯುವುದನ್ನು ಮಾತ್ರ ಮುಂದುವರಿಸಬಹುದೆಂದು ಭಾವಿಸುವುದು, ಗೊಬ್ಬರ ಹಾಕದೆ ಪ್ರತಿ ವರ್ಷ ಫಸಲು ಬಯಸಿದಂತೆ. ಆ ಬಯಕೆ ಎಷ್ಟು ವರ್ಷ ನಡೆಯುತ್ತದೆಂಬುದನ್ನು ಕೃಷಿಕರ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ.